ಎಂಕಪ್ಪ ತರ್ಜುಮೆ ಮಾಡಿದ ಸುದ್ದಿ

ನಿಜಾಮರ ಕಾಲಕ್ಕೆ ಮಕ್ತಲ್ ಕಡೆಯವರಿಗೆ ಸೊಲ್ಲಾಪುರವೇ ಪರದೇಶ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಒಂದು ಹಗಲಿನ ದಾರಿ, ಆದರೆ ಗಡಿಯಾಚೆ ಅದು ಇಂಗ್ರೇಜರ ಮುಲುಕು. ಕುರುಬರ ಎಂಕಪ್ಪ ಹೈದರಾಬಾದಿನಲ್ಲಿ ಕಾಲೇಜು ಪರೀಕ್ಷೆ ಬರೆದವನೇ, ಸೊಲ್ಲಾಪುರದ ಕನ್ನಡ ವಾರಪತ್ರಿಕೆಯೊಂದರಲ್ಲಿ ಆರು ವಾರ ಕೆಲಸ ಕಲಿಯಲು ಹೋದ. ಹೆಗಲ ಮೇಲೆ ಅವ್ವ ಕೊಟ್ಟ ಕಂಬಳಿ, ತಲೆಯಲ್ಲಿ ಸಿಂಹಾಸನ ಅಲುಗಿಸುವ ಯೋಚನೆ. ಸಂಪಾದಕರು ಕೈಗೆ ಅಂಟಿನ ಡಬ್ಬಿ ಕೊಟ್ಟರು. ಐದು ವಾರ ಚಂದಾದಾರರ ವಿಳಾಸ ಅಂಟಿಸಿದ.

ಆರನೆಯ ವಾರ ಜಾಹೀರಾತೊಂದು ತಪ್ಪಿ ಅರ್ಧ ಕಾಲಂ ಖಾಲಿ ಉಳಿಯಿತು. "ನಿಮ್ಮೂರಿಂದು ಏನರೆ ಬರಿಯಪ್ಪಾ," ಅಂದರು ಸಂಪಾದಕರು. ಎಂಕಪ್ಪ ಒಂದೇ ಉಸಿರಿಗೆ ಬರೆದ: ತಹಸೀಲ್ದಾರರು ಹಳ್ಳಿ ತಿರುಗುವ ದೌರೆಗೆ ಬಂದಾಗ ಡೇರೆಯೊಳಗೆ ಹಾಸಲು ಕುರುಬರ ಕಂಬಳಿ ಬಿಟ್ಟಿ ಎತ್ತಿಸುತ್ತಾರೆ, ಹೋದ ಕಂಬಳಿ ತಿರುಗಿ ಬರುವುದಿಲ್ಲ. ಅವನ ಅವ್ವ ಮೈಲಮ್ಮನವೇ ಎರಡು ಹೋಗಿದ್ದವು. ಅಚ್ಚಾದದ್ದು "ನಮ್ಮ ಬಾತ್ಮೀದಾರರಿಂದ" ಎಂದು. ಹೆಸರಿಲ್ಲವೆಂಬ ಸಿಟ್ಟಿಗೆ ಎಂಕಪ್ಪ ಎರಡು ದಿನ ಊಟ ಬಿಟ್ಟ. ನಿಜ ಹೇಳಬೇಕೆಂದರೆ ಎರಡು ಹೊತ್ತು.

ಊರಿಗೆ ಮರಳಿದರೆ ನೌಕರಿ ಕಾದಿತ್ತು. ಕನ್ನಡ, ಉರ್ದು ಎರಡೂ ಬಲ್ಲವನೆಂದು ತಾಲೂಕು ಕಚೇರಿಯಲ್ಲಿ ತರ್ಜುಮೆಗೆ ಕೂರಿಸಿದರು. ಅದೇ ತಹಸೀಲ್ದಾರರ ಕೈಕೆಳಗೆ. ತಿಂಗಳೊಳಗೆ, ಗಡಿ ನಾಕೆಯಲ್ಲಿ ಜಪ್ತಾದ ಪತ್ರಿಕೆಯೊಂದು ಅವನ ಮೇಜಿಗೆ ಬಂದು ಬಿತ್ತು.

"ಇದ್ರಾಗ ನಮ್ ಮಾತು ಐತಂತ," ಅಂದರು ಸಾಹೇಬರು. ಕನ್ನಡ ಆಡುತ್ತಿದ್ದರು, ಓದಲು ಬರುತ್ತಿರಲಿಲ್ಲ. "ಉರ್ದುದಾಗ ಓದು."

ಎಂಕಪ್ಪ ಪತ್ರಿಕೆ ಬಿಡಿಸಿದ; ತನ್ನದೇ ಬರಹ. ಇದ್ದದ್ದು ಇದ್ದ ಹಾಗೆ ಓದಿದರೆ ಮುಂದಿನ ಮಾತು 'ಯಾರು ಬರೆದಾರ?' ಎಂಬುದು. ಇತ್ತೀಚೆಗೆ ಸೊಲ್ಲಾಪುರಕ್ಕೆ ಹೋಗಿ ಬಂದ ಅಕ್ಷರಸ್ಥರು ಈ ತಾಲೂಕಿನಲ್ಲಿ ಎಷ್ಟು ಮಂದಿ? ಎಣಿಸಿದ. ಒಬ್ಬ.

ಓದತೊಡಗಿದ. ಉರ್ದುವಿನಲ್ಲಿ ಕುರುಬರು ಖುಷಿಯಿಂದ ಓಡೋಡಿ ಬಂದು ಸಾಹೇಬರಿಗೆ ಕಂಬಳಿ ಹಾಸಿದರು. ಕೊಟ್ಟದ್ದನ್ನು ತಿರುಗಿ ಕೇಳಲು ನಾಚಿದರು. ಮೂಲಕ್ಕಿಂತ ಇದೇ ಚೆನ್ನಾಗಿದೆಯೆಂದು ಆ ಹೆದರಿಕೆಯಲ್ಲೂ ಅವನಿಗೆ ಅನಿಸಿತು.

"ವಾಹ್! ಯಾರಪ್ಪಾ ಬರೆದಾಂವ?"

"ಹೆಸರಿಲ್ರೀ ಸಾಹೇಬ್ರ." ಮನಸ್ಸಿನಲ್ಲೇ ಮನೆದೇವರು ಬೀರಪ್ಪನಿಗೆ ಕೈ ಮುಗಿದ.

"ಇಷ್ಟು ಖುಷಿಲೆ ಕೊಡ್ತಾರಂದ್ರ ನಾವ್ಯಾಕ ಕಮ್ಮಿ ಕೇಳಬೇಕು? ಮುಂದಿನ ದೌರೆಗೆ ಮನಿಗೆರಡು ಕಂಬಳಿ. ಹುಕುಂ ಬರಿ. ಊರಾಗ ಓದಾಕ ಕನ್ನಡದಾಗ ಬರಿ, ನಿನ್ನ ಅಕ್ಷರ ಚಂದ ಐತಿ."

ಎಂಕಪ್ಪ ಬರೆದ. ಅಕ್ಷರ ಚಂದವೇ ಬಂದವು.

ಸಂಜೆ ಮನೆಗೆ ಬರುವಷ್ಟರಲ್ಲಿ ಊರಲ್ಲಿ ಹುಕುಂ ಓದಿಯಾಗಿತ್ತು; ಮೈಲಮ್ಮ ಮಗ್ಗದ ಮುಂದೆ ಬೈಯುತ್ತಿದ್ದಳು. "ಮನಿಗೆರಡಂತ! ನಾವು ಖುಷಿಲೆ ಕೊಡ್ತೀವಂತ! ಯಾವ ಹಾಟ್ಯಾ ಹೇಳ್ಯಾನೋ, ಅವನ ನಾಲಿಗಿ ಸೇದಿಹೋಗ. ಕಚೇರ್ಯಾಗ ಇರತಿ, ನಿನಗ ಗೊತ್ತಾಗಲಿಲ್ಲೇನಲೇ?"

ಎಂಕಪ್ಪ ಬೆರಳಿಗಂಟಿದ ಮಸಿಯನ್ನು ಧೋತರಕ್ಕೆ ಒರೆಸಿಕೊಂಡ.

ದೌರೆಯ ಹೊತ್ತಿಗೆ ಮಗ್ಗದಿಂದ ಇಳಿಯುವುದು ಒಂದೇ ಕಂಬಳಿ. ಮೈಲಮ್ಮ ಸುತ್ತ ನೋಡಿ, ಅವನ ಹೆಗಲ ಮೇಲಿದ್ದುದನ್ನು ಎಳೆದುಕೊಂಡು ಝಾಡಿಸಿ ಮಡಚಿದಳು.

"ಅದು ನನ್ನದವ್ವಾ. ಪರದೇಶಕ್ಕ ಒಯ್ದಿದ್ದು."

"ಇನ್ನ ಸಾಹೇಬಂದು. ನೀನೇ ಒಯ್ದು ಕೊಡು. ಮಾರಿ ಮ್ಯಾಲ ಖುಷಿ ಇರಲಿ."