ಗುಂಪಿನ ನಗುವಿನಲ್ಲಿ ನನ್ನ ಪಾಲು

ಕುರಿ ಕಾಯುವವರ ಮನೆಯಿಂದ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅದನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ಒಂದು ಸಣ್ಣ ದವಾಖಾನೆಯಲ್ಲಿ ಆಪ್ತಸಲಹೆಗಾರನಾಗಿದ್ದೆ. ಕುಡಿತ ಬಿಡಲು ಬಂದವರನ್ನು ವಾರಕ್ಕೊಮ್ಮೆ ಗುಂಪಾಗಿ ಕೂರಿಸಿ ಮಾತಾಡಿಸುವುದು ನನ್ನ ಕೆಲಸ. ಎಲ್ಲರೂ ಜಮಖಾನೆಯ ಮೇಲೆಯೇ ಕೂರಬೇಕು ಎಂದು ಹೇಳಿದವನೂ ನಾನೇ.

ಅಥಣಿ ಕಡೆಯ ದ್ರಾಕ್ಷಿ ತೋಟದ ಮಾಲೀಕರೊಬ್ಬರು ಮಾತ್ರ ಮೊಣಕಾಲು ನೋವೆಂದು ಕುರ್ಚಿ ಹಿಡಿದಿದ್ದರು. ಇಲ್ಲಿಗೆ ಬರುವುದು ತಪ್ಪಿದರೆ ಮತ್ತೆ ಬಾಟಲಿಯೇ ಗತಿ ಎಂದು ಅವರೇ ಒಮ್ಮೆ ಹೇಳಿದ್ದರು.

ಒಂದು ದಿನ ಗುಂಪಿನಲ್ಲಿದ್ದ ಕುರಿಗಾರ ಮುದುಕ ಶುರು ಮಾಡಿದ.

"ಮಾಲಕ್ರ, ಇದು ನಿಮ್ಮ ವಾಡೇ ಮನಿ ಅಲ್ರಿ. ಕೆಳಗ ಇಳೀರಿ."

"ಕಾಲ ಮಡಚಾಕ ಬರೂದಿಲ್ಲೋ ಮಾರಾಯಾ."

"ಕುಡಿಯಾಕ ಕುಂತಾಗ ಬರ್ತಿತ್ತಲ್ರಿ!"

ಎಲ್ಲರೂ ನಕ್ಕರು. ಒಬ್ಬ ಕುರ್ಚಿಯನ್ನೇ ಅಲುಗಿಸಿದ. ತಡೆಯಬೇಕಾದವನು ನಾನು. ತಡೆಯಲಿಲ್ಲ. ಇಂಥವರ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸಿ, ಬೆಳಿಗ್ಗೆ ಕಾಳಿಗಾಗಿ ಅವರ ಮನೆಗಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದಿದ್ದ. ಒಳಗೊಳಗೇ ಹಿತವಾಗುತ್ತಿತ್ತು. ತುಟಿಯಂಚಿಗೆ ನಗುವೂ ಬಂದಿತ್ತು.

ಮಾಲೀಕರು ಇಳಿಯಲು ನೋಡಿದರು. ಮೊಣಕಾಲು ಬಗ್ಗಲಿಲ್ಲ. ನನ್ನತ್ತ ಒಮ್ಮೆ ನೋಡಿ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು.

"ಹೋಗ್ಲಿ ಬಿಡ್ರಿ ಸಾಹೇಬ್ರ" ಎಂದ ಕುರಿಗಾರ.

ಮೂಲೆಯಲ್ಲಿದ್ದವನೊಬ್ಬ ಮೆಲ್ಲಗೆ ಕೇಳಿದ: "ಇವತ್ತ ಅವರನ್ನ ಓಡಿಸಿದ್ರಿ. ಇನ್ನ ಯಾರ ಪಾಳಿ?"

ನನಗೆ ಕೂರಲಾಗಲಿಲ್ಲ. ಹೊರಗೆ ಓಡಿದೆ. ಮಾಲೀಕರು ಗೇಟಿನ ಬಳಿ ಸಿಕ್ಕರು.

"ಅವರು ನಕ್ಕಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ."

"ಅವರು ನಗ್ಲಿ. ನಾ ನಿಮ್ಮ ಮಾರಿ ನೋಡಿ ಎದ್ದ ಬಂದೆ. ನಿಮಗೂ ಚಲೋ ಅನಸಾಕತ್ತಿತ್ತು. ಹೌದಲ್ರಿ?"

ಓದಿದ ಪಾಠವೆಲ್ಲ ಬಾಯಿಗೆ ಬಂತು. ನುಂಗಿಕೊಂಡೆ. "ಹೌದ್ರಿ. ಸಿಟ್ಟು ಹಳೇದು. ನಿಮ್ಮ ಮ್ಯಾಲಿಂದಲ್ಲ."

"ಇದನ್ನ ಒಳಗ, ಅವರ ಮುಂದ ಹೇಳ್ತೀರೇನು?"

ಹೇಳಿದರೆ ಗುಂಪಿನವರು ಇನ್ನು ನನ್ನ ಮಾತು ಕೇಳುತ್ತಾರೆಯೇ? ಹೋಗಿ ಬಾಗಿಲು ತೆಗೆದೆ. ಮಾಲೀಕರು ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತರು.

"ನೀವು ಇವರನ್ನ ಕಾಡಾಕತ್ತಾಗ ನಾನೂ ಮಜಾ ತಗೊಂಡೆ" ಎಂದೆ. "ತಡೀಬೇಕಿತ್ತು. ತಡೀಲಿಲ್ಲ."

ಕುರಿಗಾರ ನನ್ನನ್ನೇ ದಿಟ್ಟಿಸಿದ. "ಅಂದ್ರ ನಾಳೆ ನನ್ನ ಮ್ಯಾಲೂ ಮಜಾ ತಗೊಂತೀರೇನ್ರಿ?"

ಇಲ್ಲ ಎನ್ನಲು ಧೈರ್ಯ ಬರಲಿಲ್ಲ. "ತಗೊಂಡ್ರ ಅಲ್ಲೇ ನನಗ ಹೇಳ್ರಿ" ಎಂದೆ.

ಯಾರೂ ನಗಲಿಲ್ಲ. ಮಾಲೀಕರು ಗೋಡೆ ಬಿಟ್ಟು ಮುಂದೆ ಬಂದರು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಕೂತರು.