ಬ್ಯಾಕಪ್ ಸರ್ವರ್ ಮತ್ತು ಅನ್ವರ್ ಸಾಬರ ಮೇನ್ ಸ್ವಿಚ್

"ಅಂಕಲ್, ನೀಲಿ ಹೋಯ್ತು!"

ಹೋದ ತಿಂಗಳು ಒಂದು ಬೆಳಿಗ್ಗೆ ಫೋನೆತ್ತಿದ ಕೂಡಲೇ ಕೇಳಿದ ಮಾತು ಇದು. ಆ ಕಡೆ ಇದ್ದವಳು ಶಿಡ್ಲಘಟ್ಟದ ಶಬಾನಾ, ನನ್ನ ಹಳೆಯ ಗೆಳೆಯ ಅನ್ವರ್ ಸಾಬರ ಮಗಳು. ಸಾಬರದು ರೇಷ್ಮೆ ನೂಲಿನ ಅಂಗಡಿ. ಹಿಂದೆ ಅಂಗಳ, ಅಂಗಳದಾಚೆ ನೂಲಿಗೆ ಬಣ್ಣ ಹಾಕುವ ಮನೆ.

"ಯಾವ ನೀಲಿ?"

"ನವಿಲುಕಂಠದ ನೀಲಿ ಅಂಕಲ್. ಕಂಪ್ಯೂಟರ್‌ದು ಹಾರ್ಡ್ ಡಿಸ್ಕ್ ಹೋಯ್ತು. ಬ್ಯಾಕಪ್‌ನಲ್ಲೂ ಇಲ್ಲ."

ಬ್ಯಾಕಪ್‌ನಲ್ಲೂ ಇಲ್ಲವೇ? ಆ ಬ್ಯಾಕಪ್ ಸರ್ವರಿನ ಯೋಜನೆ ಬರೆದಾಗ ನಾನೂ ಆ ಕೋಣೆಯಲ್ಲಿದ್ದೆ. ನಮ್ಮ ಪತ್ರಿಕೆಯ ಚಿಕ್ಕಬಳ್ಳಾಪುರ ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಪರಿಚಿತರೆಲ್ಲ ನನ್ನನ್ನೂ ಅರ್ಧ ಎಂಜಿನಿಯರ್ ಎಂದುಕೊಂಡಿದ್ದಾರೆ. (ನನಗೆ ಬರುವುದು ಟೈಪ್ ಮಾಡುವುದು, ಕರೆಂಟ್ ಹೋದಾಗ ಬೈಯುವುದು. ಎರಡೇ.)

ವಿಷಯ ಇಷ್ಟು. ಯಾವ ಬಣ್ಣಕ್ಕೆ ಯಾವ ಪುಡಿ ಎಷ್ಟು, ನೀರು ಎಷ್ಟು ಬಿಸಿ, ನೂಲಿನ ಲಡಿ ಎಷ್ಟು ಹೊತ್ತು ಮುಳುಗಿರಬೇಕು ಎಂಬುದೆಲ್ಲ ಮೊದಲು ಬಣ್ಣದ ಮೇಸ್ತ್ರಿ ಮುನಿಶಾಮಣ್ಣನ ಅಂದಾಜಿನಲ್ಲಿತ್ತು. ಅವನ ಕಣ್ಣಿಗೆ ಪೊರೆ ಬಂತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ಬಂದಿದ್ದ ಶಬಾನಾ ಅವನ ಪಕ್ಕದಲ್ಲೇ ನಿಂತು, ಅವನು ಹಾಕಿದ್ದನ್ನೆಲ್ಲ ಅಳೆದು ಕಂಪ್ಯೂಟರಿಗೆ ಸೇರಿಸತೊಡಗಿದಳು. ಜೊತೆಗೆ ಪ್ರತಿ ಲಡಿಯ ಸ್ಕ್ಯಾನ್ ಮಾಡಿದ ಚಿತ್ರ. ಫ್ಲಾಪಿಯಲ್ಲಿ ಅಷ್ಟು ಚಿತ್ರ ಹಿಡಿಯುವುದಿಲ್ಲ. ಹಾಗಾಗಿ ನಕಲು ಇಡುವುದಕ್ಕೆಂದೇ ಇನ್ನೊಂದು ಕಂಪ್ಯೂಟರ್ ಬೇಕು ಎಂದಳು.

"ಒಂದು ಇರೋವಾಗ ಇನ್ನೊಂದು ಯಾಕೆ ಬೇಟಾ?" ಎಂದರು ಸಾಬರು.

"ಅಬ್ಬಾ, ಅಂಗಡಿ ಬೀಗದ ಕೈ ಎರಡು ಇಟ್ಕೊಂಡಿಲ್ವಾ ನೀವು?"

"ಇಟ್ಕೊಂಡಿದೀನಿ."

"ಎರಡೂ ಎಲ್ಲಿದೆ?"

ಸಾಬರು ಜುಬ್ಬಾದ ಜೇಬಿಗೆ ಕೈ ಹಾಕಿದರು. ಎರಡೂ ಅಲ್ಲೇ ಇದ್ದವು, ಒಂದೇ ದಾರದಲ್ಲಿ. ಅವರಿಗೇ ನಗು ಬಂತು. ಕಂಪ್ಯೂಟರಿಗೆ ಒಪ್ಪಿಗೆಯೂ ಸಿಕ್ಕಿತು.

ಚಿಕ್ಕಬಳ್ಳಾಪುರದಿಂದ ಎಂಜಿನಿಯರ್ ಬಂದರು. ಕೆಲಸ ಬಲ್ಲವರು. ಯಂತ್ರದ ಹೆಸರು ಎತ್ತುವ ಮೊದಲು ಪ್ರಶ್ನೆ ಕೇಳಿದರು. ಈಗ ಎಷ್ಟು ಮಾಹಿತಿ ಇದೆ? ವರ್ಷಕ್ಕೆ ಎಷ್ಟು ಬೆಳೆಯುತ್ತದೆ? ಒಂದು ವಾರದ ಕೆಲಸ ಕಳೆದರೆ ತಡೆದುಕೊಳ್ಳುತ್ತೀರಾ, ಒಂದು ದಿನದ್ದು ಮಾತ್ರವೇ?

"ಒಂದು ಶೇಡು ಹೋದ್ರೂ ತಡ್ಕೊಳಕ್ಕಾಗಲ್ಲ ಸಾರ್," ಎಂದಳು ಶಬಾನಾ. "ಸೀರೆ ಮೈ ಒಂದು ಬಣ್ಣ, ಸೆರಗು ಇನ್ನೊಂದು ಬಣ್ಣ ಆದ್ರೆ ಯಾರು ತಗೊಳ್ತಾರೆ?"

ಹಾಗಾದರೆ ದಿನಾ ನಕಲು. ಡಿಸ್ಕ್ ಈಗಿನ ಅಗತ್ಯಕ್ಕಿಂತ ದೊಡ್ಡದು, ಮುಂದಿನ ಕೆಲವು ವರ್ಷಕ್ಕೂ ಸಾಲುವಂಥದ್ದು. ಎರಡು ಯಂತ್ರ ಒಂದೇ ಕೋಣೆಯಲ್ಲಿ ಬೇಡ, ಸರ್ವರ್ ಮಹಡಿ ಮೇಲೆ. ಬಣ್ಣದ ಮನೆಯ ಹಬೆ ತಾಗುವ ಕಡೆ ಯಾವುದೂ ಬೇಡ. ನೆಟ್‌ವರ್ಕ್ ಕೇಬಲ್ ಕರೆಂಟ್ ವೈರಿನ ಜೊತೆಗೆ ಓಡಬಾರದು, ಗೋಡೆಯ ಆಚೆ ಮಗ್ಗುಲಿಂದ ಹತ್ತಬೇಕು. ವೋಲ್ಟೇಜ್ ಏರಿಳಿತಕ್ಕೆ ಯುಪಿಎಸ್. ಹಗಲು ಎಲ್ಲರೂ ಕೆಲಸ ಮಾಡುವಾಗ ನಕಲು ಶುರುವಾದರೆ ಕಂಪ್ಯೂಟರ್ ನಿಧಾನವಾಗುತ್ತದೆ, ಆದ್ದರಿಂದ ಎರಡೂ ಯಂತ್ರ ರಾತ್ರಿಯಿಡೀ ಆನ್ ಇರಲಿ, ನಕಲು ತಾನಾಗಿಯೇ ಆಗಲಿ.

ಮಹಡಿಯ ಕೋಣೆಯಲ್ಲಿ ಕೂತು ಎಲ್ಲ ಬರೆದು ಮುಗಿಸುವಷ್ಟರಲ್ಲಿ ಟಪ್ ಎಂದು ಕತ್ತಲಾಯಿತು. ಕೆಳಗಿನಿಂದ ಸಾಬರ ದನಿ: "ಅಂಗಡಿ ಮುಚ್ಚೋ ಟೈಮ್ ಆಯ್ತು, ಇಳ್ಕೊಂಡ್ ಬನ್ನಿ." ಗೋಡೆ ಸವರಿಕೊಂಡು ನಾವೆಲ್ಲ ಮೆಟ್ಟಿಲಿಳಿದೆವು. ಎಂಜಿನಿಯರ್ ಕೈಯಲ್ಲಿ ಯೋಜನೆಯ ಕಾಗದವಿತ್ತು.

ಯಾರಿಗೂ ಏನೂ ಹೊಳೆಯಲಿಲ್ಲ.

ಸಾಬರ ಬೀದಿಯಲ್ಲಿ ಹಿಂದೊಮ್ಮೆ ಶಾರ್ಟ್ ಸರ್ಕ್ಯೂಟ್ ಆಗಿ ರೇಷ್ಮೆಯ ಗೋದಾಮೊಂದು ಸುಟ್ಟಿತ್ತು. ಅಲ್ಲಿಂದೀಚೆಗೆ ಆ ಬೀದಿಯಲ್ಲಿ ಬಾಗಿಲು ಹಾಕುವ ಮುನ್ನ ಮೇನ್ ಸ್ವಿಚ್ ಎಳೆಯದ ಅಂಗಡಿ ಇಲ್ಲ. ಸಾಬರಂತೂ ಆ ಕೆಲಸವನ್ನು ಬೇರೆಯವರಿಗೆ ಬಿಡುವವರಲ್ಲ. ಬಿಸ್ಮಿಲ್ಲಾ ಎಂದು ಅವರೇ ಎಳೆಯಬೇಕು.

ಸರ್ವರ್ ತಂದು ಜೋಡಿಸಿದ ಮೊದಲ ದಿನ ಎಂಜಿನಿಯರ್ ಹಗಲಲ್ಲೇ ನಿಂತು ನಕಲು ಮಾಡಿಸಿ ತೋರಿಸಿದ್ದರು. ಆಮೇಲೆ ಒಂದು ರಾತ್ರಿಯೂ ನಕಲು ಆಗಲಿಲ್ಲ. ಕರೆಂಟೇ ಇಲ್ಲದೆ ಎಲ್ಲಿಂದ ಆಗಬೇಕು?

ಡಿಸ್ಕ್ ಕೆಟ್ಟ ದಿನ ನಾನು ಶಿಡ್ಲಘಟ್ಟಕ್ಕೆ ಹೋದಾಗ ಶಬಾನಾ ಅಪ್ಪನನ್ನು ವಿಚಾರಣೆ ಮಾಡುತ್ತಿದ್ದಳು.

"ಯುಪಿಎಸ್ ಇತ್ತಲ್ಲ ಅಬ್ಬಾ? ಸ್ವಲ್ಪ ಹೊತ್ತಾದ್ರೂ ನಡೀಬೇಕಿತ್ತು."

"ಮೇನ್ ಎಳೆದ್ರೆ ಕುಂಯ್ ಕುಂಯ್ ಅಂತ ಅಳೋದು ಬೇಟಾ. ಮೇಲೆ ಹತ್ತಿ ಹೋಗಿ ಅದನ್ನೂ ಆಫ್ ಮಾಡ್ತಿದ್ದೆ."

"ದಿನಾನೂ?"

"ದಿನಾನೂ."

"ಬೆಳಿಗ್ಗೆ ಆನ್ ಮಾಡಿದಾಗ ಸ್ಕ್ರೀನ್ ಮೇಲೆ ಏನೂ ಬರ್ತಿರಲಿಲ್ವಾ?"

"ಬರ್ತಿತ್ತು. ನೀಲಿ ಸ್ಕ್ರೀನ್ ಮೇಲೆ ಏನೋ ಚೆಕ್ ಮಾಡ್ಕೊಳೋದು. ನೀನು ಬರೋ ಹೊತ್ತಿಗೆ ಮುಗಿಯೋದು. ಬೆಳಿಗ್ಗೆ ಎದ್ದು ದುವಾ ಮಾಡ್ಕೊಳತ್ತೆ, ಒಳ್ಳೇ ಮಿಷನ್ನು ಅಂದ್ಕೊಂಡೆ."

ಶಬಾನಾಗೆ ಸಿಟ್ಟು ಬಂದಿತ್ತು. ಆದರೂ ನಕ್ಕುಬಿಟ್ಟಳು. ನಗು ನಿಂತ ಮೇಲೆ ನೀಲಿ ನೆನಪಾಯಿತು. ಆ ನೀಲಿ ಹುಟ್ಟಿದ್ದು ಮೊದಲ ನಕಲಿನ ನಂತರ. ದೊಡ್ಡಬಳ್ಳಾಪುರದ ನೇಕಾರರೊಬ್ಬರು ಮದುವೆಯ ಆರ್ಡರಿಗೆ ಆ ನೀಲಿಯಲ್ಲೇ ಸೀರೆಗಳ ಮೈ ನೇಯ್ದಾಗಿತ್ತು. ಸೆರಗಿಗೂ ಅದೇ ಬಣ್ಣದ ನೂಲು ಹೋಗಬೇಕಿತ್ತು.

ಮುನಿಶಾಮಣ್ಣ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಸಾದಲಿಯಲ್ಲಿ ಮಗಳ ಮನೆಯಲ್ಲಿದ್ದ. ಅಲ್ಲಿಗೆ ಹೋದೆವು. ಕಪ್ಪು ಕನ್ನಡಕ ಹಾಕಿ ಜಗಲಿಯ ಮೇಲೆ ಕೂತಿದ್ದ.

"ಅಣ್ಣಾ, ಆ ನವಿಲುಕಂಠಕ್ಕೆ ಹಸಿರು ಎಷ್ಟು ಹಾಕಿದ್ರಿ? ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಅಯ್ಯೋ ನಮ್ಮಮ್ಮಾ, ನಾನೆಲ್ಲಿ ನೆನಪಿಟ್ಕೊಳ್ತಿದ್ದೆ? ನೋಡ್ತಾ ನೋಡ್ತಾ ಹಾಕ್ತಿದ್ದೆ. ಬರ್ಕೊಳೋಳು ನೀನು. ಕಂಪ್ಯೂಟರಲ್ಲಿ ಹಾಕ್ಬಿಟ್ಟೆ ಅಂದ್ಯಲ್ಲ, ನಾನು ನಿಶ್ಚಿಂತೆಯಾಗಿ ಬಿಟ್ಬಿಟ್ಟೆ."

ತಂದಿದ್ದ ಲಡಿಯನ್ನು ಕನ್ನಡಕ ಎತ್ತಿ ನೋಡಿದ. "ಈಗೆಲ್ಲಾ ನಂಗೆ ಬೂದಿ ಥರ ಕಾಣ್ತೈತೆ ತಾಯಿ," ಎಂದು ಲಡಿಯನ್ನು ಅವಳ ಕೈಗೇ ಕೊಟ್ಟ.

ಶಬಾನಾ ತಾನೇ ಬಣ್ಣ ಬೆರೆಸಿ ನೋಡಿದಳು, ಮತ್ತೆ ಮತ್ತೆ ನೋಡಿದಳು. ಹತ್ತಿರ ಬಂತು. ಆದರೆ ಬಿಸಿಲಿಗೆ ಹಿಡಿದರೆ ಒಂದು ಎಳೆ ಗಾಢ. ನೇಕಾರರು ಬಂದು ನೋಡಿದರು, ಜಗಳ ಆಡಲಿಲ್ಲ. ಮದುವೆ ಮನೆಯವರನ್ನು ಒಪ್ಪಿಸಿ ಸೆರಗಿಗೆ ರಾಣಿ ಗುಲಾಬಿ ಬಣ್ಣದ ನೂಲು ಒಯ್ದರು. ಮುಂದಿನ ಆರ್ಡರಿನ ಮಾತೆತ್ತಿದಾಗ "ನೋಡಣ ಬಿಡಮ್ಮ" ಎಂದಷ್ಟೇ ಹೇಳಿ ಹೋದರು. ವ್ಯಾಪಾರದಲ್ಲಿ ಆ ಮಾತಿನ ಅರ್ಥ ಗೊತ್ತಲ್ಲ?

ಎಂಜಿನಿಯರ್ ಮತ್ತೆ ಬಂದರು. ಸರ್ವರಿಗೆ ಮಾತ್ರ ಬೇರೆ ಲೈನ್ ಎಳೆದು ರಾತ್ರಿಯಿಡೀ ಆನ್ ಇಡೋಣ ಎಂದರು. ಸಾಬರು ಬೇಡವೆಂದು ತಲೆಯಾಡಿಸಿದರು. "ರೇಷ್ಮೆ ಒಳಗಿಟ್ಟು, ಕರೆಂಟ್ ಬಿಟ್ಟು ಹೋದ್ರೆ ನಂಗೆ ನಿದ್ದೆ ಬರಲ್ಲ ಸಾರ್." ಆ ಭಯ ಸುಳ್ಳಲ್ಲ. ಸುಟ್ಟ ಗೋದಾಮನ್ನು ಕಣ್ಣಾರೆ ನೋಡಿದವರು ಅವರು.

ದಾರಿ ಹುಡುಕಿದ್ದು ಶಬಾನಾ. ಮಧ್ಯಾಹ್ನ ನಮಾಜಿಗೂ ಊಟಕ್ಕೂ ಅಂಗಡಿ ಅರ್ಧ ಬಾಗಿಲು ಹಾಕುತ್ತದೆ. ಯಾರೂ ಕಂಪ್ಯೂಟರ್ ಮುಟ್ಟುವುದಿಲ್ಲ, ಮೇನ್ ಆನ್ ಇರುತ್ತದೆ. ನಕಲು ಆಗ ಆಗಲಿ. ಮಧ್ಯಾಹ್ನದ ಲೋಡ್‌ಶೆಡ್ಡಿಂಗ್ ಬಂದರೆ? ಆ ಕೇಬಲ್ಲಿನಲ್ಲಿ ಒಂದು ದಿನದ ಕೆಲಸ ದಾಟಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ಅದಕ್ಕಿಂತ ಹೆಚ್ಚು ಹೊತ್ತು ತಡೆಯುವ ಯುಪಿಎಸ್ ತಂದರು, ಕೆಳಗಿನ ಯಂತ್ರಕ್ಕೂ ಮೇಲಿನದಕ್ಕೂ. ಈಗ ಊಟ ಮುಗಿಸಿ ಬಂದವಳೇ ಶಬಾನಾ ಮಹಡಿ ಹತ್ತಿ, ಆ ದಿನದ ಒಂದು ಶೇಡನ್ನು ಸರ್ವರಿನಿಂದಲೇ ತೆರೆದು ನೋಡುತ್ತಾಳೆ.

ಡಿಸ್ಕಿನ ಗಾತ್ರ, ಕೇಬಲ್ಲಿನ ಉದ್ದ, ಯುಪಿಎಸ್ಸಿನ ಶಕ್ತಿ ಎಲ್ಲವೂ ಆ ಮೊದಲ ಯೋಜನೆಯಲ್ಲಿ ಇದ್ದವು, ಸರಿಯಾಗಿಯೇ ಇದ್ದವು. ಅದರಲ್ಲಿ ಇಲ್ಲದಿದ್ದದ್ದು ಅನ್ವರ್ ಸಾಬರ ಸಂಜೆ ಮಾತ್ರ.

ಕಂಪ್ಯೂಟರ್ ತರಿಸುವ ಉತ್ಸಾಹ ಈಗ ಚಿಂತಾಮಣಿಯ ಅಂಗಡಿಗಳಲ್ಲೂ ಇದೆ, ಗೌರಿಬಿದನೂರಿನ ಕಚೇರಿಗಳಲ್ಲೂ ಇದೆ. ಒಳ್ಳೆಯದೇ, ತರಿಸಿ. ಆದರೆ ನಿಮ್ಮಲ್ಲಿ ಸಂಜೆ ಮೇನ್ ಎಳೆಯುವವರು ಯಾರು, ಅವರನ್ನು ಒಂದು ಮಾತು ಕೇಳಿದಿರಾ?