ರಮಾಕಾಂತನ ಡಿಸ್ಕಿಗೆ ಎರಡು ಕೀಲಿಕೈ

ಅಳೆದೂ ಸುರಿದೂ ಕೆಲಸ ಕೆಡಿಸುವವರಲ್ಲಿ ನಮ್ಮ ರಮಾಕಾಂತನಿಗೆ ಮೊದಲ ಮಣೆ. ಧಾರವಾಡದವನು, ಬ್ಯಾಂಕಿನಲ್ಲಿ ಆಫೀಸರ್. ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನನ್ನ ಮನೆಯ ಮೇಲಿನ ಮನೆ ಅವನದು. ನಾನೂ ಅದೇ ಬ್ಯಾಂಕಿನಿಂದ ರಿಟೈರಾದವನು, ನಾನೂ ಧಾರವಾಡದವನು. ಹೀಗಾಗಿ ಅವನನ್ನು ಬೈಯುವ ಹಕ್ಕು ನನಗೆ ಎರಡು ಕಡೆಯಿಂದ ಇದೆ.

ಅವನಿಗೆ ವಿಜಯವಾಡದ ಒನ್ ಟೌನಿನ ಶಾಖೆಗೆ ವರ್ಗವಾಯಿತು. ಮಗಳು ಶ್ರಾವಣಿಯ ಶಾಲೆ ತಪ್ಪಬಾರದೆಂದು ಹೆಂಡತಿ ಜಾಹ್ನವಿ ಇಲ್ಲೇ ಉಳಿದಳು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ತಪ್ಪದೆ ಬರುತ್ತೇನೆಂದು ಹೇಳಿ ಹೋದ ಮಹಾರಾಯ, ಬರಬರುತ್ತ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ರೈಲಿನಲ್ಲಿ ಆರು ತಾಸು, ಸುಸ್ತು, ಆಡಿಟ್ಟು, ಒಂದಲ್ಲ ಒಂದು ನೆಪ. ಶ್ರಾವಣಿ ಫೋನಿನಲ್ಲಿ ತೆಲುಗಿನಲ್ಲೇ "ನಾನ್ನಾ, ಎಪ್ಪುಡು ವಸ್ತಾವು?" ಎನ್ನುತ್ತಿದ್ದಳು. ಯಾವಾಗ ಬರುತ್ತೀರಿ ಎಂದು ಜಾಹ್ನವಿ ಮಾತ್ರ ಕೇಳುತ್ತಿರಲಿಲ್ಲ. ಅವಳಿಗೆ ಬಿಗುಮಾನ.

ಮನೆಯ ಕಂಪ್ಯೂಟರೆಂದರೆ ಅವನಿಗೆ ಜೀವ. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ. "ಪುಕ್ಕಟ ಸಿಗ್ತದ ಅಂತ ಅಲ್ಲ ಕಾಕಾ, ಒಳಗ ಏನು ನಡದದ ಅಂತ ಯಾರು ಬೇಕಾದ್ರೂ ತಗದು ನೋಡಬಹುದು" ಎನ್ನುತ್ತಿದ್ದ. ನೋಡಲು ಯಾರೂ ಬಂದದ್ದನ್ನು ನಾನು ಕಾಣೆ. ಮದುವೆಯ ಫೋಟೋ, ಮಗಳು ಮೊದಲು ಹೆಜ್ಜೆಯಿಟ್ಟ ವಿಡಿಯೋ, ಎಲ್ಲ ಅದರಲ್ಲೇ ಇದ್ದವು. ಬ್ಯಾಕಪ್ ಬೇಕು, ಸರಿ. ಆದರೆ ಹೇಗೆ? ಈ ಒಂದು ಪ್ರಶ್ನೆಗೆ ಅವನು ಇಡೀ ಬೇಸಿಗೆ ಫೋನಿನಲ್ಲಿ ನನ್ನ ತಲೆ ತಿಂದ. ಇಂಟರ್ನೆಟ್ಟಿನ ಕ್ಲೌಡಿಗೆ ಹಾಕು ಎಂದೆ. "ನಮ್ಮನಿ ಸಾಮಾನು ಮಂದಿ ಅಟ್ಟದ ಮ್ಯಾಲೆ ಯಾಕ ಇಡಬೇಕು?" ಎಂದ. ಪೆನ್ ಡ್ರೈವಿಗೆ ಕಾಪಿ ಮಾಡು ಎಂದೆ. "ಪ್ರತಿಸಲ ಎಲ್ಲಾ ಕಾಪಿ ಮಾಡೂದು ಹುಚ್ಚತನ, ಬದಲಾದದ್ದಷ್ಟ ಹೋಗಬೇಕು" ಎಂದ. ಕೊನೆಗೆ, ದಿನವೂ ಹೊಸದಾದದ್ದನ್ನಷ್ಟೇ ತಾನಾಗಿ ಎತ್ತಿಕೊಂಡು ಬೀಗ ಹಾಕಿಡುವ ಒಂದು ಪ್ರೋಗ್ರಾಮನ್ನು ಹುಡುಕಿ, ಅದಕ್ಕೊಂದು ಡಿಸ್ಕ್ ತಂದ.

ಅಷ್ಟಕ್ಕೆ ನಿಲ್ಲಿಸಿದರೆ ಅವನು ರಮಾಕಾಂತ ಹೇಗಾದಾನು? ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ, ಒಬ್ಬೊಬ್ಬರ ಹತ್ತಿರ ಒಂದೊಂದು. ಇಬ್ಬರೂ ಎದುರಿಗೆ ನಿಂತರೇ ಬಾಗಿಲು ತೆರೆಯುವುದು. ಈ ಪುಣ್ಯಾತ್ಮ ಆ ಕಾನೂನನ್ನು ಮನೆಗೆ ತಂದ. ಫೋಟೋ, ವಿಡಿಯೋ ಡಿಸ್ಕಿನೊಳಗೆ ಹೋಗಲು ಪಾಸ್‌ವರ್ಡ್ ಬೇಡ, ಹೊರಗೆ ತೆಗೆಯಲು ಬೇಕು. ಅದರ ಅರ್ಧ ತನಗೆ, ಅರ್ಧ ಜಾಹ್ನವಿಗೆ. ಫೋನಿನಲ್ಲಿ ಹೇಳುವಂತಿಲ್ಲ, ಇಬ್ಬರೂ ಖುದ್ದಾಗಿ ಕೂತು ಒತ್ತಬೇಕು! ತಿಜೋರಿಯ ಪಕ್ಕದಲ್ಲೇ ಆಯುಷ್ಯ ಕಳೆದ ನನಗೇ ನಗು ತಡೆಯಲಿಲ್ಲ.

ಮೊದಲ ದಿನ ಜಾಹ್ನವಿ ಹಣೆ ಚಚ್ಚಿಕೊಂಡಳು. ಮರುವಾರ ನನ್ನ ಮುಂದೆಯೇ ಗಂಡನಿಗೆ ಫೋನು ಹಚ್ಚಿದಳು. "ತಗದು ಪರೀಕ್ಷಾ ಮಾಡಲಾರದ ಬ್ಯಾಕಪ್ಪು ಬ್ಯಾಕಪ್ಪ ಅಲ್ಲ ಅಂತ ನೀವ ಅಂದಿದ್ರಿ. ಶನಿವಾರ ತಪಾಸಣಿ ಇಟ್ಕೊಳ್ಳೋಣೇನ್ರೀ?"

ತಪಾಸಣೆ ಎಂದರೆ ಬ್ಯಾಂಕಿನವನು ಉಣ್ಣುವ ತಾಟು ಬಿಟ್ಟು ಎದ್ದಾನು. ಬಂದ. ನಾಲ್ಕನೇ ಶನಿವಾರ ಮತ್ತೆ ಬಂದ. ಗಂಡ ತನ್ನ ಅರ್ಧ ಒತ್ತುವಾಗ ಹೆಂಡತಿ ಗೋಡೆ ನೋಡಬೇಕು, ಹೆಂಡತಿ ಒತ್ತುವಾಗ ಗಂಡ. ಶ್ರಾವಣಿ ಇಬ್ಬರನ್ನೂ ನೋಡಿ ಬಿದ್ದು ಬಿದ್ದು ನಗುವಳು. ಒಂದು ಹಳೆಯ ವಿಡಿಯೋ ಹೊರಗೆ ತೆಗೆದು, ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮೂವರೂ ಬೀಚಿಗೆ ಹೋಗಿ ಮಂಡಕ್ಕಿ ತಿಂದು ಬರುವರು.

ಬ್ಯಾಂಕಿನಲ್ಲಿ ಆಗಾಗ ಕೀಲಿಕೈ ಅದಲುಬದಲು ಮಾಡುತ್ತಾರೆ. ಇವನೂ ಮಾಡಿದ: ತನ್ನ ಅರ್ಧ ಅವಳಿಗೆ, ಅವಳದು ತನಗೆ. ಎಲಾ ಮಂಕೇ! ಕೀಲಿಕೈ ಕೊಟ್ಟರೆ ಕೈ ಬರಿದಾಗುತ್ತದೆ. ಹೇಳಿದ ಮಾತು ಹೇಳಿದವನ ತಲೆಯಿಂದ ಹೋಗುತ್ತದೆಯೇ? ಈಗ ಇಬ್ಬರಿಗೂ ಎರಡೂ ಗೊತ್ತು. ಒಂದು ಬುಧವಾರ ಶ್ರಾವಣಿ ಶಾಲೆಯ ಪ್ರಾಜೆಕ್ಟನ್ನು ಅಳಿಸಿಕೊಂಡು ಕೂತಾಗ, ಜಾಹ್ನವಿ ನನ್ನ ಕಣ್ಣೆದುರಿಗೇ ಒಬ್ಬಳೇ ಡಿಸ್ಕ್ ತೆರೆದು ಅದನ್ನು ತೆಗೆದುಕೊಟ್ಟಳು. "ಕಾಕಾ, ಅವರ ಮುಂದ ಹೇಳಬ್ಯಾಡ್ರಿ ಮತ್ತ" ಎಂದಳು.

ನನ್ನ ಬಾಯಲ್ಲಿ ಮಾತು ನಿಲ್ಲುವುದುಂಟೇ? ಶನಿವಾರ ಬಂದವನಿಗೆ ಮೆಟ್ಟಿಲಲ್ಲೇ ಹೇಳಿದೆ.

"ಗೊತ್ತದ ಕಾಕಾ, ನಾನ ಕೊಟ್ಟೀನಲ್ಲ" ಎಂದ.

"ಮತ್ತ ಆರು ತಾಸು ರೈಲಿನ್ಯಾಗ ಸೊಂಟ ಮುರಕೊಂಡು ಯಾಕ ಬರ್ತೀಯೋ?"

"ಅಕಿ ಬಾಯಿ ಬಿಟ್ಟು ಕರಿಯಾಕಿ ಅಲ್ಲ. ಕರೀಲಾರದ ನಾ ಹೆಂಗ ಬರಲಿ?" ಎಂದು ಬೂಟು ಬಿಚ್ಚತೊಡಗಿದ.

ಹಾವೂ ಸಾಯದೆ ಕೋಲೂ ಮುರಿಯದೆ ಸಂಸಾರ ಮಾಡುವ ಜೋಡಿ! ನನಗೆ ನಗುವೂ ಬಂತು, ಸಿಟ್ಟೂ ಬಂತು.

ದಸರೆಗೆ ಮನೆ ಧೂಳು ಹೊಡೆಯುವಾಗ ಶ್ರಾವಣಿ ಡಿಸ್ಕನ್ನು ನೆಲಕ್ಕೆ ಕೆಡವಿದಳು. ಅದು ಟಕ್ ಟಕ್ ಎಂದು ಸುಮ್ಮನಾಯಿತು. ಕಂಪ್ಯೂಟರು ನೆಟ್ಟಗಿತ್ತು, ಫೋಟೋ ವಿಡಿಯೋ ಎಲ್ಲ ಅದರಲ್ಲಿ ಭದ್ರವಾಗಿದ್ದವು. ಆದರೂ ಜಾಹ್ನವಿ ಕೆಳಗೆ ಬಂದು ನನ್ನ ಮುಂದೆ ಕಣ್ಣೀರು ಹಾಕಿದಳು.

"ಇನ್ನ ಅವರನ್ನ ಏನಂತ ಕರೀಲಿ ಕಾಕಾ?"

"ಬರ್ರಿ ಅಂತ ಕರಿಯವಾ. ಅದಕ್ಕೂ ಪಾಸ್‌ವರ್ಡ್ ಬೇಕೇನು?"

ಕಣ್ಣೊರೆಸಿಕೊಂಡು ಫೋನು ಹಚ್ಚಿದಳು. ಬಾಯಿಗೆ ಬಂದದ್ದು ಮಾತ್ರ ಬೇರೆ. "ಡಿಸ್ಕ್ ಕೆಟ್ಟದ. ಈ ಶನಿವಾರ ತಪಾಸಣಿ ಇಲ್ರಿ." ಅವನು "ಹೂಂ" ಎಂದು ಇಟ್ಟುಬಿಟ್ಟ. ಇಬ್ಬರ ಕಪಾಳಕ್ಕೂ ಒಂದೊಂದು ಬಿಗಿಯಬೇಕೆನಿಸಿತು ನನಗೆ.

ಶನಿವಾರ ಮಧ್ಯಾಹ್ನ ಸಮಾಧಾನ ಹೇಳಲೆಂದು ಮೇಲೆ ಹೋಗಿ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಜಾಹ್ನವಿ ತೆಗೆದರೆ ರಮಾಕಾಂತ. ಅಂಗಿಯೆಲ್ಲ ಬೆವರು, ಹೆಗಲಲ್ಲಿ ಚೀಲ.

"ಡಿಸ್ಕ್ ಕೆಟ್ಟದ ಅಂದಿದ್ನಲ್ರೀ" ಎಂದಳು ಗಾಬರಿಯಿಂದ. "ಹೊಸಾದು ತಂದ್ರೇನು?"

"ಹಾಳಾಗಿ ಹೋಗ್ಲಿ ಡಿಸ್ಕು" ಎಂದ. "ಮನಿಗೆ ಬಂದೀನಿ. ಹಸಿವ್ಯಾಗೇದ, ಊಟಕ್ಕ ಹಾಕು."

ಅವಳು ತಾಟು ತರಲು ಓಡಿದಳು. ಕಾಕಾ ನೀವೂ ಊಟಕ್ಕೆ ಏಳಿ ಎನ್ನಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ.